ಒಂದೊಂದೇ ಅಕ್ಷರ ತೋರಿಸುವ ಚಾಟ್: 35 ಮಂದಿ ಸೇರಿದರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತಿದೆ, ಏನು ಮಾಡಲಿ?

ಶನಿವಾರದ_ಮೇಷ್ಟ್ರು · ಶನಿವಾರ ಸಂಜೆ 6:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಕಿವಿ ಕೇಳದ ಮಕ್ಕಳ ಶಾಲೆ ಇದೆ. ಪ್ರತಿ ಶನಿವಾರ ಅಲ್ಲಿಗೆ ಹೋಗಿ ಕಂಪ್ಯೂಟರ್ ಹೇಳಿಕೊಡುತ್ತೇನೆ. ಮಕ್ಕಳಿಗಾಗಿ ಒಂದು ಚಾಟ್ ಬರೆದಿದ್ದೇನೆ. ಇದರಲ್ಲಿ ಕಳಿಸುವ ಬಟನ್ ಇಲ್ಲ. ಒಬ್ಬರು ಒತ್ತಿದ ಅಕ್ಷರ ಆಗಲೇ ಎಲ್ಲರ ಪರದೆಯಲ್ಲಿ ಮೂಡುತ್ತದೆ. ಅಳಿಸಿದರೆ ಅಳಿಸುವುದೂ ಕಾಣುತ್ತದೆ. ಮಾತಾಡಿದ ಹಾಗೇ.

ಆರು ಮಕ್ಕಳ ಜೊತೆ ಪರೀಕ್ಷೆ ಮಾಡಿದಾಗ ಚೆನ್ನಾಗಿತ್ತು. ಇವತ್ತು ಇಡೀ ತರಗತಿ ಕೂತಿತು. 34 ಮಕ್ಕಳು, ಒಬ್ಬರು ಟೀಚರ್. ಟೀಚರ್ ಒಂದು ಪ್ರಶ್ನೆ ಹಾಕಿದರು. ಹತ್ತು ಹನ್ನೆರಡು ಮಕ್ಕಳು ಒಟ್ಟಿಗೆ ಉತ್ತರ ಬರೆಯಲು ಶುರು ಮಾಡಿದರು. ಎಲ್ಲ ನಿಂತೇ ಹೋಯಿತು. ನಾಲ್ಕೈದು ಸೆಕೆಂಡ್ ಏನೂ ಇಲ್ಲ, ಆಮೇಲೆ ಒಂದು ಸಾಲು ದಬದಬ ಅಂತ ಬೀಳುತ್ತದೆ. ಮತ್ತೆ ನಿಲ್ಲುತ್ತದೆ. ಕೆಲವರ ಫೋನ್ ಸಂಪರ್ಕವೇ ಕಡಿದುಕೊಂಡಿತು. ಕೊನೇ ಬೆಂಚಿನ ಒಬ್ಬ ಹುಡುಗಿ ಫೋನನ್ನು ಮೇಜಿನ ಮೇಲೆ ಇಟ್ಟು, ಸನ್ನೆಯಲ್ಲೇ ಉತ್ತರ ಹೇಳಿ ಮುಗಿಸಿದಳು.

ವಿವರ: ವೆಬ್‌ಸಾಕೆಟ್ (ಫೋನಿಗೂ ಸರ್ವರ್‌ಗೂ ನಡುವೆ ಸದಾ ತೆರೆದಿರುವ ಸಂಪರ್ಕ), ಪೈಥಾನ್ ಸರ್ವರ್, ಮುಂಬೈನಲ್ಲಿ ಬಾಡಿಗೆಗೆ ತೆಗೆದುಕೊಂಡ ಸಣ್ಣ ಯಂತ್ರ. ಶಾಲೆಯಲ್ಲಿ ಒಂದೇ ವೈಫೈ ರೂಟರ್. ಸರ್ವರ್‌ನ ಸಿಪಿಯು ಹತ್ತು ಪರ್ಸೆಂಟ್ ಕೂಡ ದಾಟಿಲ್ಲ. ಹಾಗಾದರೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ?

ತುಂಗೆಯ_ದಡ · 6:52

ಇಂಟರ್ನೆಟ್ ಪ್ಲಾನ್ ಜಾಸ್ತಿ ಮಾಡಿಸಿ ನೋಡಿ.

ಪ್ಯಾಕೆಟ್_ಎಣಿಕೆ · 7:05

ಪ್ಲಾನ್ ಜಾಸ್ತಿ ಮಾಡಿದರೆ ದುಡ್ಡು ಹೋಗುತ್ತದೆ ಅಷ್ಟೇ. ಅಕ್ಷರಗಳಿಗೆ ಎಷ್ಟು ಎಂಬಿಪಿಎಸ್ ಬೇಕು? ಇಲ್ಲಿ ಸಮಸ್ಯೆ ಭಾರದ್ದಲ್ಲ, ಸಂಖ್ಯೆಯದ್ದು.

ಲೆಕ್ಕ ಹಾಕೋಣ. 12 ಮಕ್ಕಳು ಬರೆಯುತ್ತಿದ್ದಾರೆ. ಒಬ್ಬೊಬ್ಬರು ಸೆಕೆಂಡಿಗೆ 4 ಕೀಲಿ ಒತ್ತುತ್ತಾರೆ ಅಂದುಕೊಳ್ಳಿ. ಸರ್ವರ್‌ಗೆ ಸೆಕೆಂಡಿಗೆ 48 ಸಂದೇಶ ಹೋಗುತ್ತದೆ. ಅದು ದೊಡ್ಡದಲ್ಲ. ಆದರೆ ಪ್ರತಿಯೊಂದನ್ನೂ ಉಳಿದ 34 ಜನರಿಗೆ ಹಂಚಬೇಕು. 48 ಗುಣಿಸು 34, ಅಂದರೆ 1632. ಒಟ್ಟು ಸೆಕೆಂಡಿಗೆ 1680 ಸಂದೇಶ ಒಂದೇ ರೂಟರ್‌ನ ಗಾಳಿಯಲ್ಲಿ ಓಡಾಡಬೇಕು. ಡೇಟಾ ತಲುಪಿತೇ ಅಂತ ನೋಡಿಕೊಳ್ಳುವ ಟಿಸಿಪಿ ನಿಯಮದ ಮರು-ಉತ್ತರಗಳು ಬೇರೆ.

ವೈಫೈನಲ್ಲಿ 3 ಬೈಟ್ ಕಳಿಸಲಿ, 300 ಬೈಟ್ ಕಳಿಸಲಿ, ಸಮಯ ಹೆಚ್ಚು ಕಮ್ಮಿ ಒಂದೇ. ಪ್ರತಿ ಫ್ರೇಮಿಗೂ (ಗಾಳಿಯಲ್ಲಿ ಹೋಗುವ ಒಂದೊಂದು ತುಂಡಿಗೂ) ಸರದಿ ಕಾಯಬೇಕು, ಮುನ್ನುಡಿ ಕಳಿಸಬೇಕು, ಸಿಕ್ಕಿತು ಅನ್ನುವ ಉತ್ತರ ಪಡೆಯಬೇಕು. ಬಸ್ಸಿನಲ್ಲಿ 50 ಸೀಟ್ ಇದ್ದರೂ ಒಬ್ಬೊಬ್ಬರನ್ನೇ ಕೂರಿಸಿ ಹೊರಟ ಹಾಗೆ ಆಗಿದೆ. ನಿಮ್ಮ ಸರ್ವರ್ ಸುಮ್ನೆ ಕೂತಿದೆ, ಗಾಳಿಯಲ್ಲಿ ಜಾಮ್ ಆಗಿದೆ.

ಒಂದು ಪ್ರಶ್ನೆ: ಪ್ರತಿ ಸಲ ಏನು ಕಳಿಸುತ್ತಿದ್ದೀರಿ? ಹೊಸ ಅಕ್ಷರ ಮಾತ್ರವೋ, ಅಲ್ಲಿವರೆಗಿನ ಪೂರ್ತಿ ಸಾಲೋ?

ಶನಿವಾರದ_ಮೇಷ್ಟ್ರು · 7:11

ಪೂರ್ತಿ ಸಾಲು. ಅಕ್ಷರ ಅಳಿಸಿದರೆ ಗೊಂದಲ ಆಗಬಾರದು ಅಂತ ಹಾಗೆ ಮಾಡಿದೆ.

ಜೋಳದ_ರೊಟ್ಟಿ · 7:20

ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಈ ಒಂದೊಂದೇ ಅಕ್ಷರದ ಆಟವನ್ನೇ ಬಿಡಿ. ಎಲ್ಲ ಆ್ಯಪ್‌ಗಳಲ್ಲಿ ಇರುವ ಹಾಗೆ "ಟೈಪ್ ಮಾಡುತ್ತಿದ್ದಾರೆ" ಅಂತ ಒಂದು ಸೂಚನೆ ಹಾಕಿ. ಶುರು ಮಾಡಿದಾಗ ಒಂದು ಸಂದೇಶ, ನಿಲ್ಲಿಸಿದಾಗ ಒಂದು, ಕೊನೆಗೆ ಪೂರ್ತಿ ಸಾಲು. ಮೂರರಲ್ಲಿ ಮುಗಿಯಿತು. ಕೋಟಿಗಟ್ಟಲೆ ಜನ ಹಾಗೇ ಮಾತಾಡುತ್ತಾರೆ ಅಲ್ವಾ?

ಕಣ್ಣೇ_ಕಿವಿ · 7:48

ಜೋಳದ ರೊಟ್ಟಿಯವರೇ, ನನಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಈ ಮಾತಿಗೆ ಉತ್ತರ ಕೊಡದೆ ಹೋಗಲಾರೆ.

ನೀವು ಫೋನಿನಲ್ಲಿ ಮಾತಾಡುವಾಗ ಆಚೆಯವರು ವಾಕ್ಯ ಮುಗಿಸುವ ತನಕ ನಿಶ್ಶಬ್ದ ಕೇಳುತ್ತಾ ಕೂರುತ್ತೀರಾ? ಅರ್ಧದಲ್ಲೇ "ಹೌದು ಹೌದು" ಅನ್ನುತ್ತೀರಿ. "ಆ ಅಂಗಡಿ ಅಲ್ಲ, ಮೂಲೆಯದ್ದು" ಅಂತ ತಿದ್ದುತ್ತೀರಿ. ನಮಗೆ ಅದೇ ಬೇಕು. ಮೂರು ಚುಕ್ಕಿ ಕುಣಿಯುವುದನ್ನು ನೋಡುತ್ತಾ ಕೂರುವುದು ಮಾತುಕತೆ ಅಲ್ಲ. ಅದು ಬಾಗಿಲ ಹೊರಗೆ ನಿಂತು ಕಾಯುವುದು.

ಸನ್ನೆ ಭಾಷೆಯಲ್ಲಿ ಎದುರಿನವರ ಯೋಚನೆ ಅರ್ಧದಲ್ಲೇ ಕಾಣುತ್ತದೆ. ಕೈ ಎತ್ತಿ ನಿಲ್ಲಿಸಿ "ಅಲ್ಲ, ಬೇರೆ ರೀತಿ ಹೇಳುತ್ತೇನೆ" ಅನ್ನುವುದೂ ಕಾಣುತ್ತದೆ. ಮೇಷ್ಟ್ರು ಮಾಡಿರುವುದು ಅದಕ್ಕೆ ತೀರಾ ಹತ್ತಿರ. ಲೋಡ್ ಕಮ್ಮಿ ಮಾಡುವ ದಾರಿ ಹುಡುಕಿ. ಅಕ್ಷರ ಮಾತ್ರ ತೆಗೆಯಬೇಡಿ.

ಜೋಳದ_ರೊಟ್ಟಿ · 7:55

ಇದು ನನಗೆ ಹೊಳೆದಿರಲಿಲ್ಲ. ನನ್ನ ಸಲಹೆ ಹಿಂದಕ್ಕೆ ತೆಗೆದುಕೊಂಡೆ. ಕ್ಷಮಿಸಿ.

ಡಲ್ಲಾಸ್_ಕನ್ನಡತಿ · 8:10

ಇದಕ್ಕೆ ಹೆಸರೇ ಇದೆ: ರಿಯಲ್ ಟೈಮ್ ಟೆಕ್ಸ್ಟ್, ಆರ್‌ಟಿಟಿ. ಇಲ್ಲಿ ಅಮೆರಿಕದಲ್ಲಿ ಫೋನ್ ಕರೆಯ ಒಳಗೇ ಬರುತ್ತದೆ. ಹಿಂದೆ ಟಿಟಿವೈ ಅನ್ನುವ ಯಂತ್ರ ಇತ್ತು. ರಾಬರ್ಟ್ ವೈಟ್‌ಬ್ರೆಕ್ಟ್ ಅನ್ನುವ ಭೌತ ವಿಜ್ಞಾನಿ, ಅವರೂ ಕಿವಿ ಕೇಳದವರೇ, 1964ರಲ್ಲಿ ಹಳೆಯ ಟೆಲಿಪ್ರಿಂಟರ್‌ಗಳನ್ನು ಫೋನ್ ಲೈನಿಗೆ ಜೋಡಿಸುವ ದಾರಿ ಕಂಡುಕೊಂಡರು. ಸೆಕೆಂಡಿಗೆ ಆರು ಅಕ್ಷರ. ಒಂದು ಸಲಕ್ಕೆ ಒಬ್ಬರೇ ಬರೆಯಬೇಕು. ಮುಗಿದಾಗ "ಇನ್ನು ನೀವು" ಅನ್ನುವ ಅರ್ಥದ ಎರಡು ಅಕ್ಷರ ಹಾಕಬೇಕಿತ್ತು. 2016ರ ಡಿಸೆಂಬರ್‌ನಲ್ಲಿ ಇಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ, ಟಿಟಿವೈ ಬದಲು ಆರ್‌ಟಿಟಿ ಬಳಸಲು ನಿಯಮ ಮಾಡಿತು.

ಚಕ್ರವನ್ನು ಹೊಸದಾಗಿ ಮಾಡಬೇಡಿ. ಆರ್‌ಎಫ್‌ಸಿ 4103 ಅನ್ನುವ ಇಂಟರ್ನೆಟ್ ಮಾನದಂಡದ ದಾಖಲೆ ಓದಿ, 2005ರದ್ದು. ಪ್ರತಿ ಅಕ್ಷರಕ್ಕೂ ಪ್ಯಾಕೆಟ್ ಕಳಿಸಬೇಡಿ, 300 ಮಿಲಿಸೆಕೆಂಡ್ ಕೂಡಿಟ್ಟು ಒಟ್ಟಿಗೆ ಕಳಿಸಿ ಅಂತ ಅದರಲ್ಲೇ ಇದೆ. ಬರೆಯುವವರು ಸುಮ್ಮನಿದ್ದರೆ ಏನನ್ನೂ ಕಳಿಸುವಂತಿಲ್ಲ.

ಪ್ಯಾಕೆಟ್_ಎಣಿಕೆ · 8:31

ಅದಕ್ಕೆ ಸೇರಿಸುತ್ತೇನೆ. ಎಕ್ಸ್‌ಎಂಪಿಪಿ ಅನ್ನುವ ಚಾಟ್ ನಿಯಮಗಳ ಜಗತ್ತಿನಲ್ಲಿ ಇದಕ್ಕೇ ಎಕ್ಸ್‌ಇಪಿ 0301 ಅನ್ನುವ ದಾಖಲೆ ಇದೆ. ಅದರ ಶಿಫಾರಸು 700 ಮಿಲಿಸೆಕೆಂಡ್. ಅದರ ಒಳ್ಳೆಯ ಗುಣ ಏನೆಂದರೆ ಅಕ್ಷರಗಳ ನಡುವಿನ ಬಿಡುವನ್ನೂ ಬರೆದು ಕಳಿಸಬಹುದು. ಇಲ್ಲಿ 120 ಮಿಲಿಸೆಕೆಂಡ್ ನಿಲ್ಲು, ಇಲ್ಲಿ 80 ನಿಲ್ಲು ಅಂತ. ಪ್ಯಾಕೆಟ್ ಬಂದದ್ದು ಒಂದೇ, ಆದರೆ ಆಚೆಯ ಪರದೆಯಲ್ಲಿ ಅಕ್ಷರಗಳು ಬರೆದವರ ಲಯದಲ್ಲೇ ಮೂಡುತ್ತವೆ. ನೋಡುವವರಿಗೆ ಗೊಂಚಲಾಗಿ ಬಂತು ಅಂತ ಗೊತ್ತೇ ಆಗುವುದಿಲ್ಲ.

ಮೇಷ್ಟ್ರೇ, ಪೂರ್ತಿ ಸಾಲು ಕಳಿಸುವುದನ್ನು ಮೊದಲು ನಿಲ್ಲಿಸಿ. ಯಾವ ಜಾಗದಲ್ಲಿ, ಎಷ್ಟು ಅಳಿಸು, ಏನು ಸೇರಿಸು, ಇಷ್ಟೇ ಸಾಕು. ಗೊಂದಲದ ಭಯಕ್ಕೆ ಸುಮಾರು 10 ಸೆಕೆಂಡಿಗೊಮ್ಮೆ ಪೂರ್ತಿ ಸಾಲು ಒಂದು ಸಲ ಕಳಿಸಿ, ಅದೂ ಬರೆಯುತ್ತಿದ್ದರೆ ಮಾತ್ರ. ನಡುವೆ ಬಂದು ಸೇರಿದವರಿಗೂ ಅದರಿಂದ ಸಾಲು ಸಿಗುತ್ತದೆ.

ಕಲಿಯುವ_ಹುಡುಗಿ · 8:40

ಒಂದು ಸಣ್ಣ ಡೌಟ್. ಟಿಸಿಪಿಯಲ್ಲೇ ನೇಗಲ್ ಅಲ್ಗಾರಿದಂ ಇದೆಯಲ್ಲ, ಸಣ್ಣ ಪ್ಯಾಕೆಟ್‌ಗಳನ್ನು ಅದೇ ಕೂಡಿಸುತ್ತದೆ ಅಂತ ಕಾಲೇಜಿನಲ್ಲಿ ಓದಿದ್ದೆ. ನಾವು ಯಾಕೆ ಕೂಡಿಸಬೇಕು?

ಪ್ಯಾಕೆಟ್_ಎಣಿಕೆ · 8:58

ಒಳ್ಳೆ ಪ್ರಶ್ನೆ. ಜಾನ್ ನೇಗಲ್ 1984ರಲ್ಲಿ ಆರ್‌ಎಫ್‌ಸಿ 896ರಲ್ಲಿ ಬರೆದದ್ದು ಇದೇ ಕಷ್ಟದ ಬಗ್ಗೆ. ಕೀಲಿಮಣೆಯಿಂದ 1 ಬೈಟ್ ಹೊರಡಲು 40 ಬೈಟ್ ಹೆಡರ್ ಬೇಕು, ಒಟ್ಟು 41. ಆಗಲೂ ಒಂದೊಂದೇ ಅಕ್ಷರ ಕಳಿಸುವ ಟರ್ಮಿನಲ್‌ಗಳಿಂದ ನೆಟ್‌ವರ್ಕ್ ಕಟ್ಟಿಕೊಳ್ಳುತ್ತಿತ್ತು.

ಆದರೆ ಅವರ ಉಪಾಯ ಗಡಿಯಾರ ನೋಡುವುದಿಲ್ಲ. ಹಿಂದಿನ ಪ್ಯಾಕೆಟ್‌ಗೆ ಉತ್ತರ ಬರುವ ತನಕ ಹೊಸದನ್ನು ತಡೆದಿಡುತ್ತದೆ. ನೆಟ್‌ವರ್ಕ್ ಚುರುಕಾಗಿದ್ದರೆ ಉತ್ತರ 30 ಮಿಲಿಸೆಕೆಂಡಿನಲ್ಲಿ ಬರುತ್ತದೆ, ಕೀಲಿ ಒತ್ತುವುದು 250ಕ್ಕೊಮ್ಮೆ. ಕೂಡಿಸಲು ಏನೂ ಇರುವುದಿಲ್ಲ. ಇದರ ಜೊತೆಗೆ, ಬ್ರೌಸರ್‌ಗಳು ವೆಬ್‌ಸಾಕೆಟ್‌ಗೆ ಸಾಮಾನ್ಯವಾಗಿ ನೇಗಲನ್ನು ಆಫ್ ಮಾಡಿಯೇ ಇಡುತ್ತವೆ. ನಮ್ಮ ಕೈಗೆ ಅದು ಸಿಗುವುದಿಲ್ಲ. ಕೂಡಿಸುವ ಕೆಲಸ ನಮ್ಮ ಕೋಡ್‌ನಲ್ಲೇ ಆಗಬೇಕು.

ಹಳೇ_ತಂತಿ · 9:15

ನಾನು ತಂತಿ ಕಚೇರಿಯಲ್ಲಿ ಕೆಲಸ ಮಾಡಿದವನು. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಿತು. ನಮ್ಮಲ್ಲಿ ದುಡ್ಡು ಪದಕ್ಕೆ ಇಷ್ಟು ಅಂತ. ಜನ ಕೌಂಟರ್ ಮುಂದೆ ನಿಂತು ಒಂದೊಂದೇ ಪದ ಹೊಡೆದು ಹಾಕುತ್ತಿದ್ದರು. "ಅಮ್ಮನಿಗೆ ಹುಷಾರಿಲ್ಲ ಬೇಗ ಹೊರಟು ಬಾ" ಅನ್ನುವುದು ಕೊನೆಗೆ ಎರಡು ಪದ ಆಗುತ್ತಿತ್ತು. ಓದಿದವರ ಎದೆ ಧಸಕ್ ಅನ್ನುತ್ತಿತ್ತು. ನೀವು ಅಕ್ಷರ ಉಳಿಸಿಕೊಂಡು ಪ್ಯಾಕೆಟ್ ಕಡಿಮೆ ಮಾಡುತ್ತಿದ್ದೀರಲ್ಲ, ಅದು ಸರಿಯಾದ ಕೆಲಸ.

ತುಂಗೆಯ_ದಡ · 9:19

ಎಸ್ಸೆಮ್ಮೆಸ್ ಕಾಲದಲ್ಲೂ ಅದೇ ಕಥೆ. ಇಂಗ್ಲಿಷಿನಲ್ಲಿ 160 ಅಕ್ಷರ, ಕನ್ನಡದಲ್ಲಿ ಬರೆದರೆ 70ಕ್ಕೆ ಮುಗಿಯುತ್ತಿತ್ತು. ಅದಕ್ಕೇ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವ ಚಾಳಿ ಬಿತ್ತು.

ಕೀಲಿಮಣೆ_ಕಾಕಾ · 9:44

70 ಅಕ್ಷರ ಅಂತಲೂ ಅಲ್ಲ, 70 ಯುನಿಕೋಡ್ ತುಣುಕು. "ಸ್ತ್ರೀ" ಅನ್ನುವುದು ನಮಗೆ ಒಂದು ಅಕ್ಷರ. ಯಂತ್ರಕ್ಕೆ ಆರು: ಸ, ವಿರಾಮ ("ಸ್" ಮೇಲೆ ಕಾಣುವ ಅರ್ಧಾಕ್ಷರದ ಗುರುತು), ತ, ವಿರಾಮ, ರ, ಈಕಾರ. ಯುಟಿಎಫ್-8 ಅನ್ನುವ ಬರೆಯುವ ಪದ್ಧತಿಯಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 18.

ಈಗ ವಿಷಯಕ್ಕೆ ಬರುತ್ತೇನೆ. ಮೇಷ್ಟ್ರೇ, ಪೈಥಾನ್ ಸರ್ವರ್ ಅಂದಿರಿ. ಜೇಸನ್ ಅನ್ನುವ ಪಠ್ಯ ರೂಪದಲ್ಲಿ ಕಳಿಸುತ್ತಿದ್ದೀರಾ? ಪೈಥಾನಿನ ಜೇಸನ್ ಲೈಬ್ರರಿ ಬಿಟ್ಟ ಹಾಗೇ ಬಿಟ್ಟರೆ ಕನ್ನಡವನ್ನು ಕನ್ನಡವಾಗಿ ಬರೆಯುವುದಿಲ್ಲ. ಪ್ರತಿ ತುಣುಕನ್ನೂ ಬ್ಯಾಕ್‌ಸ್ಲ್ಯಾಶ್, ಯು, ನಾಲ್ಕು ಅಂಕಿ ಅಂತ ಬಿಡಿಸಿ ಬರೆಯುತ್ತದೆ. 3 ಬೈಟ್ ಇದ್ದದ್ದು 6 ಆಗುತ್ತದೆ. "ಎನ್‌ಶೂರ್ ಆಸ್ಕಿ" ಅನ್ನುವ ಆಯ್ಕೆಯನ್ನು ಫಾಲ್ಸ್ ಮಾಡಬೇಕು.

ಒಂದು ಸಾಲು ಎಣಿಸಿ ನೋಡಿದೆ: "ನಾಳೆ ಮಳೆ ಬಂದರೆ ಆಟ ಇಲ್ಲ". 22 ತುಣುಕು, ಅದರಲ್ಲಿ 4 ಖಾಲಿ ಜಾಗ. ನೇರ ಯುಟಿಎಫ್-8ರಲ್ಲಿ 58 ಬೈಟ್. ಪ್ರತಿ ತುಣುಕಿಗೂ ಅಲ್ಲಿವರೆಗಿನ ಪೂರ್ತಿ ಸಾಲು ಕಳಿಸಿದರೆ, ಅದೂ ಹೀಗೆ ಬಿಡಿಸಿ ಬರೆದು ಕಳಿಸಿದರೆ, ಬರೀ ಪಠ್ಯವೇ 1293 ಬೈಟ್. 22 ಪಟ್ಟು! ಹೆಡರ್ ಲೆಕ್ಕ ಹಾಕಿಲ್ಲ.

ಶನಿವಾರದ_ಮೇಷ್ಟ್ರು · 9:58

ಈಗ ತೆಗೆದು ನೋಡಿದೆ. ನೀವು ಹೇಳಿದ ಹಾಗೇ ಇದೆ. ಲಾಗ್ ತುಂಬಾ ಬ್ಯಾಕ್‌ಸ್ಲ್ಯಾಶ್. ಎಷ್ಟು ದಿನದಿಂದ ಕಣ್ಣೆದುರೇ ಇತ್ತು.

ಮಹಡಿಯ_ರೂಟರ್ · 10:20

ಬೈಟ್ ಉಳಿಸುವುದು ಒಳ್ಳೆಯದೇ. ಆದರೆ ಪ್ಯಾಕೆಟ್ ಎಣಿಕೆಯವರು ಹೇಳಿದ್ದನ್ನು ಮರೆಯಬೇಡಿ. ಸಂಖ್ಯೆ ಇಳಿಯದೆ ಏನೂ ಆಗುವುದಿಲ್ಲ.

ನನ್ನ ಸಲಹೆ ಇದು. ಒಂದು, ಸರ್ವರ್ ಮುಂಬೈನಲ್ಲಿ ಯಾಕೆ? ಪಕ್ಕದ ಬೆಂಚಿನವನ ಅಕ್ಷರ ಮುಂಬೈಗೆ ಹೋಗಿ ವಾಪಸ್ ಬರುತ್ತಿದೆ. ಒಂದು ಹಳೆಯ ಲ್ಯಾಪ್‌ಟಾಪನ್ನು ಶಾಲೆಯಲ್ಲೇ ತಂತಿ ಹಾಕಿ ರೂಟರ್‌ಗೆ ಜೋಡಿಸಿ. ಎರಡು, 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದೇ ಮೂರು: 1, 6, 11. ಪಕ್ಕದ ಅಂಗಡಿಯ ವೈಫೈ ಯಾವುದರಲ್ಲಿದೆ ನೋಡಿ. 5 ಗಿಗಾಹರ್ಟ್ಸ್ ಬರುವ ಫೋನ್‌ಗಳನ್ನು ಅತ್ತ ಕಳಿಸಿ. ಮೂರು, ದೂರದ ಮೂಲೆಯಲ್ಲಿ ಕೂತ ಫೋನ್ ನಿಧಾನ ವೇಗದಲ್ಲಿ ಮಾತಾಡುತ್ತದೆ. ಅದು ಗಾಳಿಯನ್ನು ಜಾಸ್ತಿ ಹೊತ್ತು ಹಿಡಿದಿಟ್ಟುಕೊಂಡು ಉಳಿದವರನ್ನೂ ನಿಧಾನ ಮಾಡುತ್ತದೆ. ರೂಟರ್ ಹೆಡ್‌ಮಾಸ್ಟರ್ ಕೋಣೆಯಲ್ಲಿದ್ದರೆ ತರಗತಿಗೆ ತನ್ನಿ.

ಶನಿವಾರದ_ಮೇಷ್ಟ್ರು · 10:24

ಹೆಡ್‌ಮಾಸ್ಟರ್ ಕೋಣೆಯಲ್ಲೇ ಇದೆ. ನಡುವೆ ಎರಡು ದಪ್ಪ ಗೋಡೆ.

ಜೋಳದ_ರೊಟ್ಟಿ · 10:37

ಒಂದೇ ಕೋಣೆ, ಎಲ್ಲರಿಗೂ ಒಂದೇ ಮಾಹಿತಿ. 34 ಸಲ ಯಾಕೆ ಕಳಿಸಬೇಕು? ಒಂದೇ ಸಲ ಎಲ್ಲರಿಗೂ ಕೂಗಿ ಹೇಳುವ ಹಾಗೆ ಮಲ್ಟಿಕಾಸ್ಟ್ ಮಾಡಬಾರದಾ?

ಮಹಡಿಯ_ರೂಟರ್ · 10:45

ಕೇಳಲು ಚೆಂದ. ಆದರೆ ವೈಫೈನಲ್ಲಿ ಮಲ್ಟಿಕಾಸ್ಟ್ ಸಾಮಾನ್ಯವಾಗಿ ಕಡಿಮೆ ವೇಗದಲ್ಲಿ ಹೋಗುತ್ತದೆ, ಸಿಕ್ಕಿತು ಅನ್ನುವ ಉತ್ತರವೂ ಇರುವುದಿಲ್ಲ. ಕಳೆದುಹೋದರೆ ಹೋಯಿತು. ಮೇಲಾಗಿ ಬ್ರೌಸರ್‌ನಿಂದ ಅದನ್ನು ಮಾಡಲು ಬರುವುದಿಲ್ಲ.

ಪ್ಯಾಕೆಟ್_ಎಣಿಕೆ · 11:02

ಮಲ್ಟಿಕಾಸ್ಟ್ ಬೇಡ. ಅದಕ್ಕಿಂತ ಸುಲಭದ್ದು ಇದೆ. ಎರಡು ಕಡೆ ಕೂಡಿಸಿ.

ಮಕ್ಕಳ ಫೋನಿನಲ್ಲಿ 400 ಮಿಲಿಸೆಕೆಂಡ್ ಕೂಡಿಟ್ಟು ಕಳಿಸಿ. 12 ಮಕ್ಕಳಿಂದ ಸೆಕೆಂಡಿಗೆ 30 ಸಂದೇಶ ಬರುತ್ತದೆ. ಸರ್ವರ್ ಅವನ್ನು ಬಂದ ಹಾಗೇ ಹಂಚಬಾರದು. 300 ಮಿಲಿಸೆಕೆಂಡ್ ಕಾದು, ಅಷ್ಟರಲ್ಲಿ ಯಾರು ಯಾರು ಏನು ಬರೆದರೋ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಕಳಿಸಬೇಕು. 35 ಜನಕ್ಕೆ ಸೆಕೆಂಡಿಗೆ ಸುಮಾರು 117 ಕಟ್ಟು. ಒಟ್ಟು 147. ಎಲ್ಲಿಯ 1680, ಎಲ್ಲಿಯ 147!

ಮುಖ್ಯ ವಿಷಯ: ಬರೆಯುವವರು 12 ಇರಲಿ, 34 ಇರಲಿ, ಇಳಿಯುವ ಕಟ್ಟುಗಳ ಸಂಖ್ಯೆ ಬದಲಾಗುವುದಿಲ್ಲ. ಕಟ್ಟು ಸ್ವಲ್ಪ ದಪ್ಪ ಆಗುತ್ತದೆ ಅಷ್ಟೇ. ಅತಿ ಹೆಚ್ಚು ಅಂದರೆ 700 ಮಿಲಿಸೆಕೆಂಡ್ ತಡ, ಅದರ ಮೇಲೆ ದಾರಿಯ ಸಮಯ. ಕಣ್ಣೇ ಕಿವಿಯವರೇ, ಇಷ್ಟು ತಡ ಆದರೆ ನಡೆಯುತ್ತದಾ?

ಕಣ್ಣೇ_ಕಿವಿ · 11:10

ಒಂದು ಸೆಕೆಂಡಿನ ಒಳಗೆ ಬಂದರೆ ನನಗೆ ಮಾತಿನ ಹಾಗೇ ಅನಿಸುತ್ತದೆ. ಎರಡು ಸೆಕೆಂಡ್ ಆದರೆ ಇಬ್ಬರೂ ಒಂದೇ ಸಲ ಶುರು ಮಾಡಿ, ಇಬ್ಬರೂ ಅಳಿಸಿ, ಮತ್ತೆ ಇಬ್ಬರೂ ಕಾಯುತ್ತೇವೆ. ತಡ ಎಷ್ಟೇ ಇರಲಿ, ಒಂದೇ ಸಮ ಇರಲಿ. ಒಮ್ಮೆ ಬೇಗ, ಒಮ್ಮೆ ತಡ ಆದರೆ ಕಣ್ಣು ದಣಿಯುತ್ತದೆ.

ಡಲ್ಲಾಸ್_ಕನ್ನಡತಿ · 11:16

ಯುರೋಪಿನ ಇಎನ್ 301 549 ಮಾನದಂಡ ಕೀಲಿ ಒತ್ತಿದ 500 ಮಿಲಿಸೆಕೆಂಡಿನೊಳಗೆ ಅಕ್ಷರ ಫೋನ್ ಬಿಟ್ಟು ಹೊರಡಬೇಕು ಅನ್ನುತ್ತದೆ. 400 ಅದರೊಳಗೇ ಇದೆ. ಚೆನ್ನಾಗಿದೆ.

ಕೀಲಿಮಣೆ_ಕಾಕಾ · ಭಾನುವಾರ ಬೆಳಿಗ್ಗೆ 7:30

ರಾತ್ರಿ ಮಲಗುವಾಗ ಹೊಳೆಯಿತು, ಕನ್ನಡಕ್ಕೆ ಈ ಕೂಡಿಸುವಿಕೆ ಇನ್ನೂ ಜಾಸ್ತಿ ಲಾಭ ಕೊಡುತ್ತದೆ.

ಮಕ್ಕಳು ಇಂಗ್ಲಿಷ್ ಕೀಲಿ ಒತ್ತಿ ಕನ್ನಡ ಪಡೆಯುವ ಕೀಲಿಮಣೆ ಬಳಸಿದರೆ "ಮನೆ" ಹೇಗೆ ಮೂಡುತ್ತದೆ ನೋಡಿ. ಮೊದಲ ಕೀಲಿಗೆ "ಮ್". ಎರಡನೆಯದಕ್ಕೆ ವಿರಾಮ ಅಳಿಸಿ "ಮ". ಮೂರಕ್ಕೆ "ಮನ್". ನಾಲ್ಕಕ್ಕೆ ಮತ್ತೆ ವಿರಾಮ ಅಳಿಸಿ ಎಕಾರ ಸೇರಿಸಿ "ಮನೆ". ಸೇರಿಸುವುದು ಅಳಿಸುವುದು ಎಲ್ಲ ಸೇರಿ 7 ಕೆಲಸ. ಉಳಿದದ್ದು 3 ತುಣುಕು. ಪ್ರತಿ ಕೀಲಿಗೂ ಕಳಿಸಿದರೆ ಆಚೆಯವರ ಪರದೆಯಲ್ಲಿ ವಿರಾಮ ಬರುತ್ತದೆ, ಹೋಗುತ್ತದೆ, ಬರುತ್ತದೆ, ಹೋಗುತ್ತದೆ. ಕಣ್ಣಿಗೆ ಹಿಂಸೆ. ನುಡಿ ವಿನ್ಯಾಸದಲ್ಲಿ ಆದರೆ ಮೂರು ಕೀಲಿ, ಮೂರು ತುಣುಕು, ಅಳಿಸುವುದೇ ಇಲ್ಲ. ಕೆ.ಪಿ. ರಾವ್ ಅವರು ಮಾಡಿದ ವಿನ್ಯಾಸದ ಈ ಗುಣ ನೆಟ್‌ವರ್ಕಿಗೂ ಉಪಕಾರ ಮಾಡುತ್ತದೆ.

ಆದ್ದರಿಂದ ಮೇಷ್ಟ್ರೇ, 400 ಮಿಲಿಸೆಕೆಂಡಿನಲ್ಲಿ ಆದ ಎಲ್ಲ ಹೆಜ್ಜೆಗಳನ್ನು ಪಟ್ಟಿ ಮಾಡಿ ಕಳಿಸಬೇಡಿ. ಶುರುವಿನಲ್ಲಿ ಸಾಲು ಹೇಗಿತ್ತು, ಈಗ ಹೇಗಿದೆ, ಎರಡನ್ನೂ ಹೋಲಿಸಿ ವ್ಯತ್ಯಾಸ ಮಾತ್ರ ಕಳಿಸಿ.

ಜೋಳದ_ರೊಟ್ಟಿ · 8:05

ವಿರಾಮದಲ್ಲಿ ಕೊನೆಯಾದರೆ ಕಳಿಸಲೇಬಾರದು ಅಂತ ನಿಯಮ ಹಾಕಬಹುದಲ್ಲ? ಅರ್ಧ ಅಕ್ಷರ ಯಾರಿಗೆ ಬೇಕು?

ಕೀಲಿಮಣೆ_ಕಾಕಾ · 8:12

"ಬಸ್", "ಫೋನ್", "ಕರೆಂಟ್" ಎಲ್ಲ ವಿರಾಮದಲ್ಲೇ ಮುಗಿಯುತ್ತವೆ. ಹುಡುಗ "ಬಸ್" ಅಂತ ಬರೆದು ಉತ್ತರಕ್ಕೆ ಕಾಯುತ್ತಾ ಕೂತರೆ, ನಿಮ್ಮ ನಿಯಮ ಅದನ್ನು ಕಳಿಸುವುದೇ ಇಲ್ಲ. ತಡೆದರೆ ಒಂದು ಸುತ್ತು ತಡೆಯಿರಿ, ಎರಡನೇ ಸುತ್ತಿಗೆ ಬಿಟ್ಟುಬಿಡಿ.

ಜೋಳದ_ರೊಟ್ಟಿ · 8:14

ಒಪ್ಪಿದೆ.

ಹೊಸಬ_77 · 8:50

ವೆಬ್‌ಸಾಕೆಟ್‌ನಲ್ಲಿ ಕಂಪ್ರೆಷನ್ ಇದೆಯಲ್ಲ, ಅದನ್ನು ಆನ್ ಮಾಡಿದರೆ ಆಯ್ತು.

ಪ್ಯಾಕೆಟ್_ಎಣಿಕೆ · 9:03

ಸಣ್ಣ ಸಣ್ಣ ಸಂದೇಶಕ್ಕೆ ಅದರಿಂದ ಹೆಚ್ಚು ಸಿಗುವುದಿಲ್ಲ. ಪ್ರತಿ ಸಂಪರ್ಕಕ್ಕೂ ಮೆಮೊರಿ ಮಾತ್ರ ತಿನ್ನುತ್ತದೆ. ಸರ್ವರ್ ಕಟ್ಟು ಮಾಡಿ ಕಳಿಸಲು ಶುರು ಮಾಡಿದ ಮೇಲೆ ಪ್ರಯೋಜನ ಇದೆ. ಯಾಕೆಂದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ತುಣುಕಿನ ಮೊದಲ ಬೈಟ್ ಒಂದೇ, ಎರಡನೆಯದು ಎರಡರಲ್ಲಿ ಒಂದು. ಮೂರನೆಯದು ಮಾತ್ರ ನಿಜವಾಗಿ ಬದಲಾಗುತ್ತದೆ. ಒತ್ತಲು ಜಾಗ ಚೆನ್ನಾಗಿ ಸಿಗುತ್ತದೆ. ಆದರೆ ಇದು ಕೊನೆಯ ಕೆಲಸ, ಮೊದಲನೆಯದಲ್ಲ.

ಅದಕ್ಕಿಂತ ಮುಖ್ಯವಾದ ಎರಡು ಹೇಳುತ್ತೇನೆ. ಒಂದು, ಹಿಂದೆ ಬಿದ್ದ ಫೋನ್. ಒಬ್ಬನ ಸಂಪರ್ಕ ಐದು ಸೆಕೆಂಡ್ ನಿಧಾನ ಆಯಿತು ಅಂದುಕೊಳ್ಳಿ. ಅವನಿಗಾಗಿ ಸರ್ವರ್‌ನಲ್ಲಿ ಕಟ್ಟುಗಳು ಸಾಲುಗಟ್ಟುತ್ತವೆ. ಸಂಪರ್ಕ ಸರಿಯಾದಾಗ ಹಳೆಯದನ್ನೆಲ್ಲ ಒಂದೊಂದಾಗಿ ಸುರಿಯಬೇಡಿ. ಸಾಲನ್ನು ಎಸೆದು, ಈ ಕ್ಷಣ ಎಲ್ಲರ ವಾಕ್ಯ ಹೇಗಿದೆಯೋ ಅದನ್ನು ಒಂದೇ ಸಲ ಕೊಡಿ. ಮೇಷ್ಟ್ರು ಹೇಳಿದ "ದಬದಬ" ಬಹುಪಾಲು ಇದೇ.

ಎರಡು, ಮರುಸಂಪರ್ಕ. ಕರೆಂಟ್ ಹೋಗಿ ಬಂದಾಗ 35 ಫೋನ್ ಒಂದೇ ಕ್ಷಣಕ್ಕೆ ಬಾಗಿಲು ಬಡಿಯುತ್ತವೆ. ಆಗದಿದ್ದರೆ ಮತ್ತೆ ಒಟ್ಟಿಗೇ ಬಡಿಯುತ್ತವೆ. ಪ್ರತಿ ಸಲ ಕಾಯುವ ಸಮಯ ದ್ವಿಗುಣ ಮಾಡಿ, ಅದರೊಳಗೆ ಒಂದೊಂದು ಫೋನಿಗೂ ಬೇರೆ ಬೇರೆ ಗಳಿಗೆ ಯಾದೃಚ್ಛಿಕವಾಗಿ ಆರಿಸಲು ಬಿಡಿ. ಹಳೆಯ ಮಾತುಕತೆ ಪೂರ್ತಿ ಕೇಳದೆ, ಕೊನೆಯದಾಗಿ ಕಂಡ ಸಂಖ್ಯೆಯಿಂದ ಮುಂದಿನದ್ದು ಮಾತ್ರ ಕೇಳಲಿ.

ಕಲಿಯುವ_ಹುಡುಗಿ · 9:20

ಪ್ಯಾಕೆಟ್ ಕಳೆದುಹೋದರೆ ಟಿಸಿಪಿ ಅದರ ನಂತರದ್ದನ್ನೆಲ್ಲ ತಡೆದು ನಿಲ್ಲಿಸುತ್ತದೆ ಅಲ್ವಾ? ಉತ್ತರಕ್ಕೆ ಕಾಯದೆ ಕಳಿಸುವ ಯುಡಿಪಿ ಒಳ್ಳೆಯದಲ್ವಾ?

ಡಲ್ಲಾಸ್_ಕನ್ನಡತಿ · 9:41

ಆರ್‌ಎಫ್‌ಸಿ 4103 ಯುಡಿಪಿ ಮೇಲೆ ಓಡುವ ಆರ್‌ಟಿಪಿ ಬಳಸುವುದು ಅದಕ್ಕೇ. ಪ್ರತಿ ಪ್ಯಾಕೆಟ್‌ನಲ್ಲಿ ಹೊಸ ಅಕ್ಷರಗಳ ಜೊತೆ ಹಿಂದಿನ ಎರಡು ಸಲದ ಅಕ್ಷರಗಳೂ ಇರುತ್ತವೆ. ಸಾಲಾಗಿ ಎರಡು ಕಳೆದುಹೋದರೂ ಮೂರನೆಯದರಿಂದ ಎಲ್ಲ ಸಿಗುತ್ತದೆ. ಮತ್ತೆ ಕೇಳುವ ಕೆಲಸವೇ ಇಲ್ಲ. ಅಕ್ಷರ ಅಷ್ಟು ಹಗುರ, ಮೂರು ಸಲ ಕಳಿಸಿದರೂ ಭಾರ ಆಗುವುದಿಲ್ಲ. ಆದರೆ ಒಂದು ತರಗತಿಯ ಚಾಟ್‌ಗೆ ಅಷ್ಟು ದೂರ ಹೋಗಬೇಕಿಲ್ಲ ಅಂತ ನನಗೂ ಅನಿಸುತ್ತದೆ. ವೆಬ್‌ಸಾಕೆಟ್ ಸಾಕು.

ಅಮ್ಮ_ಮತ್ತು_ಟೀಚರ್ · 11:30

ತಾಂತ್ರಿಕ ವಿಷಯ ನನಗೆ ಅಷ್ಟು ತಿಳಿಯದು. ಒಂದು ಮಾತು ಕೇಳಬೇಕು. ಮಗು ತಪ್ಪು ಬರೆದು ಅಳಿಸುವುದು ಎಲ್ಲರಿಗೂ ಕಾಣುತ್ತದೆ ಅಂದಿರಿ. ನನ್ನ ತರಗತಿಯಲ್ಲಿ ಕಾಗುಣಿತ ಸರಿ ಬಾರದ ಮಕ್ಕಳು ಬೋರ್ಡ್ ಹತ್ತಿರ ಬರಲೂ ಹೆದರುತ್ತಾರೆ. ಅಂಥ ಮಗು ಇಲ್ಲಿ ಬರೆಯುತ್ತದಾ?

ಕಣ್ಣೇ_ಕಿವಿ · 12:15

ಸರಿಯಾದ ಪ್ರಶ್ನೆ. ನಾನೂ ಹಾಗೆ ಹೆದರಿದ್ದವನು. ಬೇಕಾದವರು ಆಫ್ ಮಾಡಿಕೊಳ್ಳುವ ಒಂದು ಬಟನ್ ಇರಲಿ. ಆಫ್ ಮಾಡಿದವರ ಸಾಲು ಮುಗಿದ ಮೇಲೆ ಒಟ್ಟಿಗೆ ಹೋಗಲಿ. ಆಯ್ಕೆ ಮಗುವಿನದ್ದು. ಹಾಗೇ ಟೀಚರ್ ಕೂಡ ಎಲ್ಲರ ಎದುರು ಬರೆದು, ತಪ್ಪಿ, ಅಳಿಸಿ ತೋರಿಸಲಿ. ನನ್ನ ಭಯ ಹೋದದ್ದು ದೊಡ್ಡವರೊಬ್ಬರು ನನ್ನ ಮುಂದೆ "ಅಳಿಲು" ಬರೆಯಲು ಹೋಗಿ ಎರಡು ಸಲ "ಅಲಿಲು" ಬರೆದು ಅಳಿಸಿದಾಗ.

ಶನಿವಾರದ_ಮೇಷ್ಟ್ರು · ಮುಂದಿನ ಶನಿವಾರ ರಾತ್ರಿ 8:15

ವಾರ ಪೂರ್ತಿ ಕೂತು ಬರೆದೆ. ಇವತ್ತು ತರಗತಿಯಲ್ಲಿ ಓಡಿಸಿದೆ. ಏನಾಯಿತು ಹೇಳುತ್ತೇನೆ.

ಹಳೆಯ ಲ್ಯಾಪ್‌ಟಾಪ್ ಒಂದನ್ನು ಶಾಲೆಯಲ್ಲೇ ಸರ್ವರ್ ಮಾಡಿದೆ. ರೂಟರನ್ನು ತರಗತಿಯ ಬೀರುವಿನ ಮೇಲೆ ಇಟ್ಟೆವು. ಫೋನಿನಲ್ಲಿ 400, ಸರ್ವರ್‌ನಲ್ಲಿ 300. ವ್ಯತ್ಯಾಸ ಮಾತ್ರ ಕಳಿಸುತ್ತೇನೆ. ಹತ್ತು ಸೆಕೆಂಡಿಗೊಮ್ಮೆ ಪೂರ್ತಿ ಸಾಲು.

ಮೊದಲ ಐದು ನಿಮಿಷ ಒಂದು ವಿಚಿತ್ರ ಕಂಡಿತು. ಅಕ್ಷರಗಳ ನಡುವೆ ಚುಕ್ಕಿಗಳ ವೃತ್ತ, ಅದರ ಮೇಲೆ ವಿರಾಮದ ಗುರುತು. "ಅಕ್ಕ" ಬದಲು "ಅಕ", ಒಂದು ಚುಕ್ಕಿ ವೃತ್ತ, ಆಮೇಲೆ "ಕ". ಮಕ್ಕಳು ಪರದೆ ತೋರಿಸಿ ಇದೇನು ಅಂತ ಸನ್ನೆ ಮಾಡಿದರು. ಬಂದ ಪ್ರತಿ ತುಂಡನ್ನೂ ನಾನು ಪ್ರತ್ಯೇಕ ಅಂಶವಾಗಿ ಪರದೆಗೆ ಅಂಟಿಸುತ್ತಿದ್ದೆ. ಒಂದು ತುಂಡು "ಕ"ದಲ್ಲಿ ಮುಗಿದು, ಇನ್ನೊಂದು ವಿರಾಮದಿಂದ ಶುರುವಾದರೆ ಅವು ಕೂಡುವುದೇ ಇಲ್ಲ. ಸಾಲನ್ನು ಒಂದೇ ಪಠ್ಯವಾಗಿ ಇಟ್ಟುಕೊಂಡು ಪೂರ್ತಿ ತೋರಿಸಿದ ಮೇಲೆ ಸರಿಯಾಯಿತು.

ಆಮೇಲೆ ಒಬ್ಬ ನಗುವ ಮುಖದ ಎಮೋಜಿ ಹಾಕಿದ. ಅವನ ಸಾಲು ಹಾಳಾಯಿತು. ಮುಂದಿನ ಅಕ್ಷರಗಳು ಒಂದು ಜಾಗ ಪಕ್ಕಕ್ಕೆ ಕೂತವು. ಹತ್ತು ಸೆಕೆಂಡಿನ ಪೂರ್ತಿ ಸಾಲು ಬಂದು ತಾನಾಗಿ ಸರಿಹೋಯಿತು. ಆದರೂ ಯಾಕೆ ಅಂತ ತಿಳಿಯಲಿಲ್ಲ.

ಕೀಲಿಮಣೆ_ಕಾಕಾ · 8:32

ಜಾವಾಸ್ಕ್ರಿಪ್ಟ್ ಉದ್ದ ಎಣಿಸುವುದು ಯುಟಿಎಫ್-16 ಲೆಕ್ಕದಲ್ಲಿ. ಅಲ್ಲಿ ಕನ್ನಡದ ತುಣುಕು ಒಂದು, ಎಮೋಜಿ ಎರಡು. ಪೈಥಾನ್ ಎಮೋಜಿಯನ್ನೂ ಒಂದೇ ಎಣಿಸುತ್ತದೆ. ಎರಡೂ ಕಡೆ ಕೋಡ್‌ಪಾಯಿಂಟ್ (ಯುನಿಕೋಡ್ ತುಣುಕು) ಎಣಿಸಿ. ಎಕ್ಸ್‌ಇಪಿ 0301ರಲ್ಲೂ ಹಾಗೇ ಇದೆ.

ಪ್ಯಾಕೆಟ್_ಎಣಿಕೆ · 8:35

ಸಂಖ್ಯೆ ಎಷ್ಟು ಬಂತು? ತಡ ಎಷ್ಟು?

ಶನಿವಾರದ_ಮೇಷ್ಟ್ರು · 8:50

ಎಲ್ಲರೂ ಬರೆಯುವಾಗಲೂ ಸರ್ವರ್‌ನಿಂದ ಇಳಿದದ್ದು ಸೆಕೆಂಡಿಗೆ 120 ದಾಟಲಿಲ್ಲ. ತಡ ಒಂದು ಸೆಕೆಂಡಿನ ಒಳಗೇ ಇತ್ತು. ಕೊನೇ ಬೆಂಚಿನಲ್ಲೂ.

ಹೋದ ವಾರ ಫೋನ್ ಮೇಜಿನ ಮೇಲಿಟ್ಟಿದ್ದ ಹುಡುಗಿ ಇವತ್ತು ಏನು ಮಾಡಿದಳು ಗೊತ್ತಾ? ಟೀಚರ್ "ನಾಳೆ ಎಲ್ಲರೂ ಬಣ್ಣದ ಪೆನ್ಸಿ" ಅಂತ ಬರೆಯುತ್ತಿದ್ದರು. ಸಾಲು ಮುಗಿದಿರಲಿಲ್ಲ. ಅಷ್ಟರಲ್ಲಿ ಅವಳ ಸಾಲಿನಲ್ಲಿ "ನಾಳೆ ಭಾನುವಾರ ಟೀಚ" ಅಂತ ಮೂಡಿತು. ಟೀಚರ್ ಬರೆಯುವುದು ನಿಲ್ಲಿಸಿ, ಅಷ್ಟನ್ನೂ ಅಳಿಸಿ, "ಸೋಮವಾರ" ಅಂತ ಶುರು ಮಾಡಿದರು. ಇಡೀ ತರಗತಿ ಕೈ ಎತ್ತಿ ಅಲ್ಲಾಡಿಸಿ ಚಪ್ಪಾಳೆ ಹೊಡೆಯಿತು.

ಕಣ್ಣೇ_ಕಿವಿ · 8:53

ಎರಡು ಸಲ ಓದಿದೆ.

ಜೋಳದ_ರೊಟ್ಟಿ · 9:01

ಕೋಡ್ ಎಲ್ಲಿಟ್ಟಿದ್ದೀರಿ? ಆಫ್ ಮಾಡುವ ಬಟನ್ ನಾನು ಬರೆದು ಕೊಡುತ್ತೇನೆ.

ಶನಿವಾರದ_ಮೇಷ್ಟ್ರು · 9:06

ನಾಳೆ ಲಿಂಕ್ ಹಾಕುತ್ತೇನೆ. ಮರುಸಂಪರ್ಕದ ಕೆಲಸ ಇನ್ನೂ ಬಾಕಿ ಇದೆ. ಮುಂದಿನ ಶನಿವಾರ ಪಾಠದ ನಡುವೆ ರೂಟರ್‌ನ ಪ್ಲಗ್ ಕಿತ್ತು ನೋಡುತ್ತೇನೆ. ಟೀಚರ್ ಒಪ್ಪಿದ್ದಾರೆ.